ಹಸಿ ತೂಕವೋ, ಒಣ ತೂಕವೋ?

(ಆಪ್ತಸಲಹೆಗಾಗಿ ನನ್ನ ಬಳಿ ಬಂದ ಒಬ್ಬರ ಕಥೆ ಇದು. ಇದನ್ನು ಬರೆಯಲು ಅವರು ಒಪ್ಪಿದ್ದಾರೆ. ಗುರುತು ಸಿಗಬಾರದೆಂದು ವಯಸ್ಸು, ಕುಟುಂಬ, ಯಂತ್ರದ ವಿವರಗಳನ್ನು ಬದಲಿಸಿದ್ದೇನೆ.)

ಮೊದಲ ದಿನ ಅವರು ಹೇಳಿಕೊಂಡಿದ್ದು ನಿದ್ದೆಯ ತೊಂದರೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಬೆಳಕು ಹರಿಯುವವರೆಗೂ ಸೂರು ನೋಡುತ್ತಾ ಮಲಗಿರುವುದು. ಮೂವತ್ತಾರು ವಯಸ್ಸು, ತುಮಕೂರಿನಲ್ಲಿ ಮನೆ, ಬೆಂಗಳೂರಿನ ಒಂದು ಮಾಸಪತ್ರಿಕೆಯಲ್ಲಿ ಉಪಸಂಪಾದಕರು. ವಾರಕ್ಕೆರಡು ದಿನ ರೈಲಿನಲ್ಲಿ ಹೋಗಿಬರುತ್ತಾರೆ, ಉಳಿದ ದಿನ ಮನೆಯಿಂದಲೇ ಕೆಲಸ. ಯಾವ ಪತ್ರಿಕೆ ಎಂದು ಕೇಳಿದೆ. "ನಿಮಗೆ ಗೊತ್ತಿರಲ್ಲ ಬಿಡಿ ಮೇಡಂ" ಅಂದರು.

ಗೊತ್ತಿರಲಿಲ್ಲ, ನಿಜ. ಆಹಾರ ಸಂಸ್ಕರಣೆಯ ಯಂತ್ರಗಳಿಗೇ ಮೀಸಲಾದ ಪತ್ರಿಕೆಯಂತೆ. ಅಂಗಡಿಯಲ್ಲಿ ಸಿಗುವುದಿಲ್ಲ. ಕಾರ್ಖಾನೆ ಮಾಲೀಕರು, ಖರೀದಿ ವಿಭಾಗದವರು ತಮ್ಮ ಹುದ್ದೆ, ಕಂಪನಿ ಹೆಸರು ಬರೆದುಕೊಟ್ಟರೆ ಅಂಚೆಯಲ್ಲಿ ಪುಕ್ಕಟೆ ಬರುತ್ತದೆ. ಪತ್ರಿಕೆ ನಡೆಯುವುದೆಲ್ಲ ಯಂತ್ರ ಮಾರುವವರು ಕೊಡುವ ಜಾಹೀರಾತಿನ ಮೇಲೆ.

ಅವರ ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇದ್ದವರು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನವಾಗುವ ಮೊದಲೇ ಸ್ವಯಂನಿವೃತ್ತಿ ತೆಗೆದುಕೊಂಡಿದ್ದರು. ನೆಂಟರ ಮುಂದೆ ಮಗನನ್ನು ಕೆಣಕುವುದು ಅವರ ಚಾಳಿ: "ನಾವು ಮಾಡಿದ ವಾಚು ಊರೋರ ಕೈಮೇಲೆಲ್ಲ ಇತ್ತು. ನಿನ್ ಪತ್ರಿಕೆ ಯಾವ್ ಅಂಗ್ಡೀಲಿ ಸಿಗುತ್ತೋ?"

ಇಲ್ಲಿ ನಾನು ಎಡವಿದೆ. ಅಪ್ಪ-ಮಗನ ಕಥೆ ಸಿಕ್ಕಿದರೆ ಆಪ್ತಸಲಹೆಗಾರರಿಗೆ ಒಂದು ಥರ ಖುಷಿ, ಎಳೆ ಸಿಕ್ಕಿಬಿಟ್ಟಿತು ಅನ್ನಿಸುತ್ತದೆ. ಎರಡು ಭೇಟಿ ಅದರಲ್ಲೇ ಕಳೆದವು. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ಕೆಲಸದ ಬಗ್ಗೆ ಅಪ್ಪನ ಹತ್ತಿರ ಮಾತಾಡಿ ಅಂದೆ. ನಿದ್ದೆ ಬರಲಿಲ್ಲ.

ಮೂರನೇ ಸಲ ಅವರ ಫೋನು ಮೇಜಿನ ಮೇಲೆ ನಡುಗಿತು. ಹೆಸರಿಲ್ಲದ ನಂಬರು. ಅವರು ಫೋನನ್ನು ಬೋರಲು ಹಾಕಿದರು, ಬಿಸಿ ಪಾತ್ರೆ ಮುಟ್ಟಿದವರ ಹಾಗೆ. ವರದಿಗಾರರಾದವರಿಗೆ ಗೊತ್ತಿಲ್ಲದ ನಂಬರು ಅಂದರೆ ಸುದ್ದಿ ಅಲ್ಲವೇ? ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

ತುಮಕೂರು ರಸ್ತೆಯ ಮಾದಾವರದಲ್ಲಿ ಒಂದು ದೊಡ್ಡ ವಸ್ತುಪ್ರದರ್ಶನ ನಡೆದಿತ್ತು. ಅಂಥ ವಾರದಲ್ಲಿ ಇವರ ಕೆಲಸವೆಂದರೆ ಮಳಿಗೆಯಿಂದ ಮಳಿಗೆಗೆ ಓಡುವುದು, ದಿನಕ್ಕೆ ಹತ್ತು ಹನ್ನೆರಡು ಹೊಸ ಯಂತ್ರಗಳ ಬಗ್ಗೆ ಬರೆಯುವುದು. ಒಂದು ಕಂಪನಿಯ ಕೊಬ್ಬರಿ ಪುಡಿ ಒಣಗಿಸುವ ಡ್ರೈಯರ್‌ಗೆ ಎರಡು ಪುಟ ಮೀಸಲಾಗಿತ್ತು, ಏಕೆಂದರೆ ಆ ಕಂಪನಿ ಇಡೀ ವರ್ಷದ ಜಾಹೀರಾತು ಕೊಟ್ಟಿತ್ತು. ಮಾಹಿತಿ ಹಾಳೆಯಲ್ಲಿ "ಗಂಟೆಗೆ 100 ಕೆಜಿ" ಎಂದಿತ್ತು. ಇವರೂ ಹಾಗೇ ಬರೆದರು, ಕೆಳಗೆ ಹೆಸರೂ ಹಾಕಿಕೊಂಡರು. ತಿಪಟೂರಿನ ಆಚೆ ಸಣ್ಣ ಘಟಕ ನಡೆಸುವವರೊಬ್ಬರು ಅದನ್ನು ಓದಿ, ಸಾಲ ಮಾಡಿ ಯಂತ್ರ ತಂದರು.

ತೆಂಗಿನ ಹಸಿ ತುರಿಯಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಮಾರುವ ಒಣ ಪುಡಿಯಲ್ಲಿ ಸುಮಾರು ಶೇ 3ಕ್ಕಿಂತ ಹೆಚ್ಚು ತೇವ ಇರಬಾರದು. 100 ಕೆಜಿ ಹಸಿ ತುರಿ ಹಾಕಿದರೆ ಕೈಗೆ ಬರುವುದು 51 ಕೆಜಿ ಆಸುಪಾಸು. ಕಂಪನಿ ಹೇಳಿದ 100 ಒಳಗೆ ಹಾಕುವ ತೂಕ, ಸಾಲ ಮಾಡಿದವರು ಲೆಕ್ಕ ಹಾಕಿದ್ದು ಹೊರಗೆ ಬರುವ ತೂಕ. ಸುಳ್ಳು ಯಾರೂ ಹೇಳಿರಲಿಲ್ಲ. ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ, ಅಷ್ಟೆ.

ಆ ಮನುಷ್ಯ ಜಗಳವನ್ನೇನೂ ಮಾಡಲಿಲ್ಲವಂತೆ. "ನೀವ್ ಬರ್ದಿದ್ರಲ್ಲಾ ಸಾರ್, ಅದ್ಕೇ ತಗೊಂಡೆ" ಎಂದಷ್ಟೇ ಹೇಳಿ ಫೋನಿಟ್ಟರಂತೆ. ಬೈದಿದ್ದರೆ ಇವರಿಗೆ ನಿದ್ದೆ ಬರುತ್ತಿತ್ತೇನೋ.

ಅಂದು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಊಟ ಸೇರುತ್ತಿತ್ತು, ಮಗಳ ಜೊತೆ ಆಟವೂ ಇತ್ತು, ಸಾಯುವ ಯೋಚನೆ ಬಂದಿರಲಿಲ್ಲ. ಆದರೂ ನನ್ನಲ್ಲಿಗೆ ಬರುವ ಎಲ್ಲರಿಗೂ ಕೊಡುವ ಹಾಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಬರೆದುಕೊಟ್ಟೆ, ರಾತ್ರಿ ಮೂರಕ್ಕೂ ಅಲ್ಲಿ ಫೋನ್ ಎತ್ತುತ್ತಾರೆ ಅಂದೆ. ಇದು ಖಿನ್ನತೆ ಅನ್ನಿಸಲಿಲ್ಲ. ತಮ್ಮ ಪತ್ರಿಕೆಯನ್ನು ಯಾರೂ ಓದುವುದಿಲ್ಲ ಎಂಬ ಅಪ್ಪನ ಮಾತನ್ನು ಇವರೂ ಒಳಗೊಳಗೇ ನಂಬಿದ್ದರು, ಆ ನಂಬಿಕೆಯಲ್ಲಿ ಒಂದು ನಿರಾಳವೂ ಇತ್ತು. ಓದುವವನೊಬ್ಬ ಇದ್ದಾನೆ, ಓದಿ ದುಡ್ಡು ಹಾಕುತ್ತಾನೆ ಎಂದು ಗೊತ್ತಾದ ರಾತ್ರಿಯಿಂದ ನಿದ್ದೆ ಹೋಯಿತು. ಇದನ್ನು ಹೇಳಿದಾಗ ಅವರು ತಲೆಯಾಡಿಸಿದರು. "ದಿನಪತ್ರಿಕೇಲಿ ಲಕ್ಷ ಜನ ಓದಿ ಮರೀತಾರೆ ಮೇಡಂ. ನಮ್ದನ್ನ ಅಂಡರ್‌ಲೈನ್ ಮಾಡ್ಕೊಂಡು ಓದ್ತಾರೆ."

ರಾಜೀನಾಮೆ ಬರೆದಿಟ್ಟುಕೊಂಡಿದ್ದರು. ಎರಡು ತಿಂಗಳು ಅದನ್ನು ಕೊಡಬೇಡಿ ಅಂದೆ. ನಿದ್ದೆಗೆಟ್ಟವರು ಮಾಡುವ ತೀರ್ಮಾನದ ಮೇಲೆ ನನಗೆ ಭರವಸೆಯಿಲ್ಲ, ಮನೆಸಾಲ ಬೇರೆ ಇತ್ತು. ಮೊದಲು ತಿಪಟೂರಿಗೆ ಹೋಗಿ ಬನ್ನಿ, ಕ್ಷಮೆ ಕೇಳುವುದಕ್ಕಿಂತ ಯಂತ್ರ ನೋಡುವುದಕ್ಕೆ ಹೋಗಿ ಅಂದೆ. ಹೋಗಿ ನಿಂತು, ತೂಕ ಮಾಡಿಸಿ, ಬರೆದುಕೊಂಡು ಬನ್ನಿ. ಅಂಥ ಕೆಲಸ ಅವರಿಗೆ ಬರುತ್ತದೆ, ಕ್ಷಮೆ ಕೇಳುವುದು ಅಷ್ಟಾಗಿ ಬರುವುದಿಲ್ಲ. ಎರಡನೆಯದಾಗಿ, ಸಂಪಾದಕರ ಹತ್ತಿರ ಕಂಪನಿಯ ದುಡ್ಡಿನ ಬರಹದ ಮೇಲೆ "ಜಾಹೀರಾತು" ಎಂದು ಹಾಕಲು ಕೇಳಿ, ಆಗದಿದ್ದರೆ ನಿಮ್ಮ ಹೆಸರನ್ನಾದರೂ ತೆಗೆಸಿ. ಸುದ್ದಿಯಿಂದ ಜಾಹೀರಾತು ಬೇರೆಯಾಗಿ ಕಾಣಬೇಕು ಎಂಬುದು ಭಾರತೀಯ ಪತ್ರಿಕಾ ಮಂಡಳಿಯ ನಿಯಮಾವಳಿಯಲ್ಲೇ ಇರುವಾಗ ಅದನ್ನು ದಾನ ಬೇಡಿದ ಹಾಗೆ ಕೇಳಬೇಕಿಲ್ಲ.

ಅಪ್ಪನ ಬಗ್ಗೆ ನಾನು ಮತ್ತೆ ಎತ್ತಲಿಲ್ಲ. ಆದರೆ ತಿಪಟೂರಿಗೆ ಹೊರಟ ದಿನ ಅವರಾಗಿಯೇ ಕಾರು ಹತ್ತಿ ಕೂತರಂತೆ, "ಮಿಷಿನ್ ಅಂದ್ಯಲ್ಲ, ನಾನೂ ಬರ್ತೀನಿ" ಅಂತ. ಘಟಕದಲ್ಲಿ ಕನ್ನಡಕ ಏರಿಸಿಕೊಂಡು ಯಂತ್ರದ ತಗಡಿನ ಫಲಕ ಓದಿ, ಅವರು ಮೊದಲು ಕೇಳಿದ ಪ್ರಶ್ನೆ: "ಇದು ಹಸಿ ತೂಕವೋ, ಒಣ ತೂಕವೋ?" ಮಗ ಅದನ್ನು ನನಗೆ ಹೇಳುವಾಗ ನಗುತ್ತಿದ್ದರು, ಕಣ್ಣು ಮಾತ್ರ ಒದ್ದೆಯಾಗಿತ್ತು.

ಸಂಪಾದಕರು "ಜಾಹೀರಾತು" ಎಂಬ ಪದಕ್ಕೆ ಒಪ್ಪಲಿಲ್ಲ, ಹೆಸರು ತೆಗೆಯಲು ಒಪ್ಪಿದರು. ಮುಂದಿನ ಸಂಚಿಕೆಯಲ್ಲಿ ಕಾಲು ಪುಟದ ಸ್ಪಷ್ಟನೆ ಬಂತು, ಆ ಕಂಪನಿ ಎರಡು ತಿಂಗಳು ಜಾಹೀರಾತು ನಿಲ್ಲಿಸಿತು. ಸಾಲ ಮಾಡಿದವರಿಗೆ ಹಣವೇನೂ ವಾಪಸ್ ಬಂದಿಲ್ಲ. ಇವರು ಈಗ ಐದರವರೆಗೆ ಮಲಗುತ್ತಾರೆ. ರಾಜೀನಾಮೆ ಪತ್ರ ಇನ್ನೂ ಲ್ಯಾಪ್‌ಟಾಪಿನಲ್ಲಿದೆ. ಕಳೆದ ಭೇಟಿಯ ನಡುವೆ ಮತ್ತೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಒಂದ್ನಿಮಿಷ ಮೇಡಂ" ಎಂದು ಹೊರಗೆ ಹೋದವರು ಇಪ್ಪತ್ತು ನಿಮಿಷ ವರಾಂಡದಲ್ಲೇ ನಿಂತು ಮಾತಾಡಿದರು. ಯಾರಿಗೋ ಪ್ಯಾಕಿಂಗ್ ಯಂತ್ರದ ವಿವರ ಬೇಕಿತ್ತಂತೆ.