ಅಥೆನ್ಸ್‌ನಿಂದ ಒಂದು ದಿನದ ಮಟ್ಟಿಗೆ ವಿದ್ಯಾರ್ಥಿಗಳನ್ನು ಯಾವ ದ್ವೀಪಕ್ಕೆ ಕರೆದೊಯ್ಯಬಹುದು?

ವಾಸ್ತುಶಿಲ್ಪ ಓದುತ್ತಿರುವ ವಿದ್ಯಾರ್ಥಿಗಳೊಂದಿಗೆ ಅಥೆನ್ಸ್‌ಗೆ ಹೊರಟಿದ್ದೀರಿ, ನಡುವೆ ಒಂದೇ ದಿನ ಬಿಡುವಿದೆ, ಅಷ್ಟರಲ್ಲಿ ಸಾಂಟೊರಿನಿಯನ್ನು ನೋಡಿ ಬರಬಹುದೇ ಎಂದು ಕೇಳಿದ್ದೀರಿ. ಪಿರೇಯಸ್ ಬಂದರಿನಿಂದ ಅಲ್ಲಿಗೆ ಹಡಗಿನಲ್ಲಿ ಹೋಗುವುದಕ್ಕೇ ಐದರಿಂದ ಎಂಟು ಗಂಟೆ ಹಿಡಿಯುವುದರಿಂದ ಆ ಆಸೆಯನ್ನು ಬಿಡುವುದು ಲೇಸು. ಹೈಡ್ರಾ, ಪೋರೋಸ್, ಈಜಿನಾ ಮೂರನ್ನೂ ಒಂದೇ ದಿನದಲ್ಲಿ ತೋರಿಸುವ ವಿಹಾರನೌಕೆಗಳೂ ಉಂಟು. ಆದರೆ ಅದರಲ್ಲಿ ಹೋದವರು ಹೆಚ್ಚಾಗಿ ನೋಡುವುದು ನೌಕೆಯನ್ನೇ. ಈಜಿನಾ ಒಂದಕ್ಕೇ ಹೋಗಿ, ಅರ್ಧ ದಿನವನ್ನು ಅಲ್ಲಿನ ಸ್ಥಳೀಯ ದೇವತೆ ಅಫಾಯಾಳ ದೇವಾಲಯಕ್ಕೆ ಮೀಸಲಿಡಿ ಎಂಬುದು ನನ್ನ ಸಲಹೆ. ಮ್ಯೂನಿಕ್‌ನಲ್ಲಿ ಓದುತ್ತಿದ್ದಾಗ ಸಹಪಾಠಿಗಳ ಜೊತೆ ನಾನು ಹೋಗಿದ್ದುದೂ ಅಲ್ಲಿಗೇ.

ಪಿರೇಯಸ್‌ನಿಂದ ಸಾಮಾನ್ಯ ಫೆರಿಯಲ್ಲಿ ಸುಮಾರು ಒಂದೂಕಾಲು ಗಂಟೆ, ವೇಗದ ದೋಣಿಯಲ್ಲಿ ಮುಕ್ಕಾಲು ಗಂಟೆಯೊಳಗಿನ ಪ್ರಯಾಣ. ದೇವಾಲಯವು ಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ, ಪೈನ್ ಮರಗಳ ಗುಡ್ಡದ ಮೇಲಿದೆ. ದ್ವೀಪದ ಇನ್ನೊಂದು ಕರಾವಳಿ ಊರಾದ ಅಗಿಯಾ ಮರೀನಾಗೆ ಹೋಗುವ ಬಸ್ಸು ಅದರ ಬಾಗಿಲಲ್ಲೇ ನಿಲ್ಲುತ್ತದೆಯಾದರೂ, ದೊಡ್ಡ ತಂಡವಾದರೆ ಮೊದಲೇ ಬಸ್ಸೊಂದನ್ನು ಗೊತ್ತುಮಾಡಿಕೊಳ್ಳುವುದು ಉತ್ತಮ.

ಕ್ರಿ.ಪೂ. 500ರ ಆಸುಪಾಸಿನಲ್ಲಿ ಸ್ಥಳೀಯ ಸುಣ್ಣಕಲ್ಲಿನಿಂದ ಡೋರಿಕ್ ಎಂಬ ಸರಳ ಗ್ರೀಕ್ ಕಂಬಶೈಲಿಯಲ್ಲಿ ಕಟ್ಟಿದ ಈ ದೇವಾಲಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಂಬಗಳು ಇಂದಿಗೂ ನಿಂತಿವೆ. ಒರಟು ಕಲ್ಲಿನ ಮೇಲೆ ನಯವಾದ ಗಾರೆ ಬಳಿದು ಬಣ್ಣ ಹಚ್ಚುತ್ತಿದ್ದರು. ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ಗಾರೆಯ ತೇಪೆಗಳು ಕಾಣುತ್ತವೆ. ವಿದ್ಯಾರ್ಥಿಗಳನ್ನು ಮೊದಲು ಉತ್ತರದ ಸಾಲಿಗೆ ಕರೆದೊಯ್ದು, ಉಳಿದವುಗಳಿಗಿಂತ ಭಿನ್ನವಾದ ಕಂಬಗಳನ್ನು ಅವರೇ ಗುರುತಿಸಲಿ ಎಂದು ಬಿಡಿ. ಹೊರಸುತ್ತಿನ ಕಂಬಗಳೆಲ್ಲ ಒಂದೊಂದು ಅಖಂಡ ಕಲ್ಲಿನಲ್ಲಿ ಕಡೆದವು. ಇಲ್ಲಿನ ಮೂರು ಮಾತ್ರ ದುಂಡು ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ನಿಲ್ಲಿಸಿದಂಥವು. ಒಳಗಿನ ಗರ್ಭಗೃಹದ ಕೆಲಸ ಮುಗಿಯುವವರೆಗೆ ಕಲ್ಲು ಸಾಗಿಸಲು ಈ ಜಾಗವನ್ನು ತೆರೆದಿಟ್ಟು, ಕೊನೆಯಲ್ಲಿ ಮುಚ್ಚಿದರೆಂದು ವಿದ್ವಾಂಸರು ವಿವರಿಸುತ್ತಾರೆ. ಕಟ್ಟಡವೊಂದು ಯಾವ ಕ್ರಮದಲ್ಲಿ ಮೇಲೆದ್ದಿತೆಂಬುದನ್ನು ಕಣ್ಣೆದುರೇ ಓದಿಕೊಳ್ಳಬಹುದಾದ ಇಂಥ ಅವಕಾಶ ಪಾರ್ಥೆನಾನ್‌ನ ಜನಜಂಗುಳಿಯಲ್ಲಿ ಸಿಗುವುದಿಲ್ಲ.

ಇಲ್ಲಿನ ಶಿಲ್ಪಗಳು ಇಲ್ಲಿಲ್ಲ. ಇಪ್ಪತ್ತರ ಹರೆಯದಲ್ಲಿ ಅಧ್ಯಯನ ಪ್ರವಾಸಕ್ಕೆಂದು ಬಂದಿದ್ದ ಇಂಗ್ಲಿಷ್ ವಾಸ್ತುಶಿಲ್ಪಿ ಕಾಕರೆಲ್, ಜರ್ಮನಿಯ ಹಾಲರ್ ಮೊದಲಾದವರು 1811ರಲ್ಲಿ ಅವುಗಳನ್ನು ಅಗೆದು ಸಾಗಿಸಿದರು. ಬವೇರಿಯಾದ ಯುವರಾಜ ಲುಡ್ವಿಗ್ ಕೊಂಡುಕೊಂಡದ್ದರಿಂದ ಅವು ಮ್ಯೂನಿಕ್‌ನ ಗ್ಲಿಪ್ಟೋಥೆಕ್ ಶಿಲ್ಪ ಸಂಗ್ರಹಾಲಯ ಸೇರಿದವು. ನಾನು ಅವುಗಳನ್ನು ಮೊದಲು ನೋಡಿದ್ದು ಅಲ್ಲಿಯೇ. ದೇವಾಲಯದ ಪಶ್ಚಿಮ ತುದಿಯಲ್ಲಿ, ಸೂರಿನ ಕೆಳಗಿನ ತ್ರಿಕೋನದ ಮೂಲೆಯಲ್ಲಿದ್ದ ಸಾಯುತ್ತಿರುವ ಯೋಧ ಎದೆಗೆ ನೆಟ್ಟ ಬಾಣವನ್ನು ಕೀಳುತ್ತಲೇ ನಮ್ಮ ಕಡೆ ನೋಡಿ ಮುಗುಳ್ನಗುತ್ತಾನೆ. ಕೆಲವೇ ವರ್ಷಗಳ ನಂತರದ್ದೆನ್ನಲಾದ ಪೂರ್ವ ತುದಿಯ ತ್ರಿಕೋನದ ಯೋಧನಾದರೋ ಗುರಾಣಿಗೆ ತೋಳುಕೊಟ್ಟು ನೆಲದತ್ತ ಕುಸಿಯುತ್ತಾನೆ, ಅವನ ಮುಖದಲ್ಲಿ ನಗೆಯಿಲ್ಲ. ಈ ಎರಡು ಚಿತ್ರಗಳನ್ನು ಮುದ್ರಿಸಿಕೊಂಡು ಹೋಗಿ, ದೇವಾಲಯದ ಆಯಾ ತುದಿಯಲ್ಲಿ ನಿಂತು ತೋರಿಸಿ. ಶಿಲ್ಪಗಳು ಮರಳಿ ಬರಬೇಕೇ ಎಂಬ ಚರ್ಚೆ ತಾನಾಗಿಯೇ ಏಳುತ್ತದೆ, ನೀವು ಎತ್ತಬೇಕಾಗಿಲ್ಲ.

ಹಿಂದಿರುಗುವ ದಾರಿಯಲ್ಲಿ ಸಂತ ನೆಕ್ಟಾರಿಯೋಸರ ಮಠವಿದೆ. ಒಳಗೆ ಹೋಗುವುದಾದರೆ ಭುಜ, ಮೊಣಕಾಲು ಮುಚ್ಚುವ ಉಡುಪಿರಲಿ. ಆದರೆ ನನ್ನ ಒಲವು ಅದರ ಸಮೀಪದ ಬೆಟ್ಟದ ಮೇಲಿನ ಪಾಲಿಯೊಖೋರಾದ ಕಡೆಗೆ. ಕಡಲ್ಗಳ್ಳರ ಹಾವಳಿಗೆ ಅಂಜಿ ದ್ವೀಪದ ಜನ ಕರಾವಳಿಯನ್ನು ತೊರೆದು ಶತಮಾನಗಳ ಕಾಲ ಅಲ್ಲಿ ನೆಲೆಸಿದ್ದರು. ಮನೆಗಳು ಕುಸಿದಿವೆ, ಪುಟ್ಟ ಪುಟ್ಟ ಇಗರ್ಜಿಗಳು ಮಾತ್ರ ಉಳಿದಿವೆ. ನೆರಳು ಕಡಿಮೆ, ನೀರು ಜೊತೆಗಿರಲಿ.

ಪೇಟೆಯಲ್ಲಿ ಸ್ವತಂತ್ರ ಗ್ರೀಸ್‌ನ ಮೊದಲ ರಾಜ್ಯಪಾಲ ಕಪೋಡಿಸ್ಟ್ರಿಯಾಸ್ 1828ರಲ್ಲಿ ಆಡಳಿತ ನಡೆಸಿದ ಕಾಲದ ಕಟ್ಟಡಗಳಿವೆ. ಬಂದರಿನ ಸಮೀಪದ ಕೊಲೋನಾದಲ್ಲಿ ಅಪೊಲೋ ದೇವಾಲಯದ ಒಂಟಿ ಕಂಬವಿದೆ. ಸಮಯ ಉಳಿದರೆ ನೋಡಿ. ಪಿಸ್ತಾ ಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಮೈಸೂರು ವೀಳ್ಯದೆಲೆಗೆ ಇರುವಂತೆ ಈಜಿನಾದ ಪಿಸ್ತಾಕ್ಕೂ ಊರಿನ ಹೆಸರಿನ ಕಾನೂನುಬದ್ಧ ರಕ್ಷಣೆಯಿದೆ.

ಬೇಸಿಗೆಯ ಭಾನುವಾರ ಸಂಜೆ ಅಥೆನ್ಸ್‌ನವರೆಲ್ಲ ಒಟ್ಟಿಗೆ ಮನೆಗೆ ಹೊರಡುವುದರಿಂದ ಫೆರಿಗಳು ತುಂಬಿರುತ್ತವೆ. ವಾರದ ನಡುವಿನ ದಿನ ಸಾಧ್ಯವಾಗದಿದ್ದರೆ ಮರಳುವ ಟಿಕೆಟನ್ನೂ ಬೆಳಿಗ್ಗೆ ಪಿರೇಯಸ್‌ನಲ್ಲೇ ತೆಗೆದುಕೊಳ್ಳಿ.