ಅಜ್ಜಿ ಕಾಲದ ಹಾಗೆ ಮನೆಯಲ್ಲೇ ಹೆರಬಹುದಾ? ಸೂಲಗಿತ್ತಿಯ ಮೊಮ್ಮಗಳ ಉತ್ತರ

ನೀವು ಬರೆದಿದ್ದನ್ನು ಎರಡು ಸಲ ಓದಿದೆ. ನಿಮಗೀಗ ಏಳು ತಿಂಗಳು, ಚೊಚ್ಚಲು. ನಿಮ್ಮ ಅಜ್ಜಿ ಐದು ಮಕ್ಕಳನ್ನು ಮನೆಯಲ್ಲೇ ಸೂಲಗಿತ್ತಿ ಕೈಯಲ್ಲಿ ಹೆತ್ತವರು. ಆಸ್ಪತ್ರೆಗೆ ಹೋದರೆ ಸಿಸೇರಿಯನ್ ಮಾಡಿಬಿಡುತ್ತಾರೆ ಅನ್ನುವ ಭಯ ನಿಮಗೆ. ನೈಸರ್ಗಿಕ ಹೆರಿಗೆಯ ವಿಡಿಯೊ ನೋಡಿ, ತವರಿನಲ್ಲೇ ಹೆರೋಣ ಅನ್ನಿಸಿದೆ. ಹಿಂದೆ ಸೂಲಗಿತ್ತಿಯರು ಹೇಗೆ ಮಾಡಿಸುತ್ತಿದ್ದರು, ಈಗಲೂ ಹಾಗೆ ಆಗುತ್ತದಾ ಅಂತ ಕೇಳಿದ್ದೀರಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಬೇಡಮ್ಮ. ಆದರೆ ಆ ಅಜ್ಜಿಯರ ಹೆರಿಗೆಯಲ್ಲಿ ನಿಮಗೆ ಇಷ್ಟವಾಗಿರುವುದು ಏನೋ ಇದೆಯಲ್ಲ, ಅದನ್ನು ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ. ಈಗ ಅದು ಸಾಧ್ಯ ಇದೆ. ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನನ್ನ ಅಜ್ಜಿ ಸೂಲಗಿತ್ತಿ. ನಾನು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸುಮಾರು ಮೂವತ್ತು ವರ್ಷ ಎ.ಎನ್.ಎಂ. (ಹೆರಿಗೆಯನ್ನೂ ಮಾಡಿಸುವ ಸಹಾಯಕ ನರ್ಸ್) ಆಗಿ ಕೆಲಸ ಮಾಡಿದವಳು. ಊರವರ ಬಾಯಲ್ಲಿ ನರ್ಸಮ್ಮ. ಈಗ ನಿವೃತ್ತಿಯಾಗಿದೆ. ಹಾಗಾಗಿ ಎರಡೂ ಕಡೆಯದನ್ನು ಹತ್ತಿರದಿಂದ ಕಂಡಿದ್ದೇನೆ.

ಸೂಲು ಅಂದರೆ ಹೆರಿಗೆ. ಚೊಚ್ಚಲ ಸೂಲು ಅಂತಾರಲ್ಲ, ಅದೇ ಪದ. ಹೂವಾಡಗಿತ್ತಿ ಇದ್ದ ಹಾಗೆ ಸೂಲಗಿತ್ತಿ. ಈ ಕೆಲಸಕ್ಕೆ ಶಾಲೆ ಇರಲಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ, ಅತ್ತೆಯಿಂದ ಸೊಸೆಗೆ ಬರುತ್ತಿತ್ತು. ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರ ಹೆಸರು ನೀವು ಕೇಳಿರಬೇಕು. ಅವರೂ ತಮ್ಮ ಅಜ್ಜಿಯಿಂದಲೇ ಕಲಿತವರು. ಏಳು ದಶಕದಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು, ದುಡ್ಡು ಕೇಳದೆ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೆ ಪ್ರಶಸ್ತಿ ಬಂದ ದಿನ ನಾನು ನನ್ನ ಅಜ್ಜಿಯ ಫೋಟೊ ಮುಂದೆ ದೀಪ ಹಚ್ಚಿದೆ.

ಯಾಕೆಂದರೆ ನನ್ನ ಅಜ್ಜಿಯಂಥವರಿಗೆ ಸಿಕ್ಕಿದ್ದು ಒಂದು ಮೊರದಲ್ಲಿ ರಾಗಿ, ಎಲೆಅಡಿಕೆ, ಒಂದು ಹಳೇ ಸೀರೆ. ಬಹಳ ಊರುಗಳಲ್ಲಿ ಈ ಕೆಲಸ ಮಾಡುತ್ತಿದ್ದವರು ಕೆಳಜಾತಿಯ ಹೆಂಗಸರು. ನೋವು ಬಂದಾಗ ಒಳಕೋಣೆವರೆಗೂ ಕರೆಯುತ್ತಿದ್ದರು. ಮಗು ಆದ ಮೇಲೆ ಅವಳು ಮುಟ್ಟಿದ್ದೆಲ್ಲ ಮೈಲಿಗೆ. ಹಿತ್ತಿಲ ಬಾಗಿಲಲ್ಲಿ ಕಳಿಸುತ್ತಿದ್ದರು. ಹಳೇ ಕಾಲದ ಹೆರಿಗೆ ಚೆನ್ನಾಗಿತ್ತು ಅನ್ನುವವರು ಇದನ್ನೂ ನೆನಪಿಟ್ಟುಕೊಳ್ಳಬೇಕು.

ಇನ್ನು ಅವರು ಮಾಡುತ್ತಿದ್ದುದು ಏನು? ನನ್ನ ಅಜ್ಜಿಯ ದೊಡ್ಡ ಕೆಲಸ ಅಂದರೆ ಕೂತಿರುವುದು. ಇಡೀ ರಾತ್ರಿ ಕೂರುತ್ತಿದ್ದಳು. ಬಸುರಿಯ ಸೊಂಟಕ್ಕೆ ಹರಳೆಣ್ಣೆ ಹಚ್ಚಿ ಉಜ್ಜುವುದು, ಜೀರಿಗೆ ಕಷಾಯ ಗುಟುಕು ಗುಟುಕಾಗಿ ಕುಡಿಸುವುದು, ನಡೆದಾಡಿಸುವುದು. ನೋವು ಜೋರಾದಾಗ ತೊಲೆಗೆ ಕಟ್ಟಿದ ಹಗ್ಗ ಹಿಡಿದು ಕುಕ್ಕರಗಾಲಲ್ಲಿ ಕೂರಿಸುವುದು. ಹೊಟ್ಟೆ ಮೇಲೆ ಕೈಯಿಟ್ಟೇ ತಲೆ ಎಲ್ಲಿದೆ, ಬೆನ್ನು ಎಲ್ಲಿದೆ ಅಂತ ಹೇಳುತ್ತಿದ್ದಳು. ನಾನು ಟ್ರೈನಿಂಗ್ ಮುಗಿಸಿ ಬಂದ ಹೊಸತರಲ್ಲಿ ಗಳಿಗೆಗೊಮ್ಮೆ ಒಳಪರೀಕ್ಷೆ ಮಾಡಲು ಹೋದರೆ ಗದರುತ್ತಿದ್ದಳು. "ಸುಮ್ನೆ ಕುಂತ್ಕಳೇ. ಅವ್ಳ ಕೈ ಹಿಡ್ಕ. ಕೂಸು ತಾನೇ ಬತ್ತದೆ."

ಅವಳ ಎಷ್ಟೋ ವಿಷಯ ಸರಿ ಅಂತ ಈಗ ಗೊತ್ತಾಗಿದೆ. ಕುಕ್ಕರಗಾಲಲ್ಲಿ ಕೂತರೆ ಮಗು ಬರುವ ದಾರಿ ಸ್ವಲ್ಪ ಅಗಲವಾಗುತ್ತದೆ, ಭೂಮಿಯ ಸೆಳೆತವೂ ಸೇರುತ್ತದೆ. ಹೊಕ್ಕುಳಬಳ್ಳಿಯ ಮಿಡಿತ ನಿಲ್ಲುವವರೆಗೆ ಅವಳು ಕತ್ತರಿಸುತ್ತಿರಲಿಲ್ಲ. ಆಗ ನಮಗೆ ಕಲಿಸಿದ್ದು ತಕ್ಷಣ ಕತ್ತರಿಸಿ ಅಂತ. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಕನಿಷ್ಠ ಒಂದು ನಿಮಿಷ ಕಾಯಿರಿ ಅನ್ನುತ್ತದೆ. ಆ ಒಂದೆರಡು ನಿಮಿಷದಲ್ಲಿ ಮಾಸಿನಲ್ಲಿರುವ (ಡಾಕ್ಟರುಗಳು ಪ್ಲಾಸೆಂಟಾ ಅನ್ನುವುದು) ರಕ್ತ ಮಗುವಿಗೆ ಹರಿಯುತ್ತದೆ. ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣದ ಅಂಶ ಅದರಲ್ಲಿದೆ.

ಆದರೆ ಅದೇ ಬಳ್ಳಿಯನ್ನು ಅವಳು ಕತ್ತರಿಸುತ್ತಿದ್ದುದು ಕುಡುಗೋಲಿನಲ್ಲಿ. ಕೆಲವರು ಬಿದಿರ ಸಿಬಿರಿನಲ್ಲಿ. ಆಮೇಲೆ ಗಾಯಕ್ಕೆ ಬೂದಿ, ಇಲ್ಲವೇ ಸಗಣಿ. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಏಳೆಂಟನೇ ದಿನ ಬಾಯಿ ಬಿಡುತ್ತಿರಲಿಲ್ಲ. ದವಡೆ ಕಚ್ಚಿಕೊಂಡು, ಮೈ ಬಿಲ್ಲಿನ ಹಾಗೆ ಬಗ್ಗುತ್ತಿತ್ತು. ಊರವರು ಗಾಳಿ ಸೋಕಿದೆ ಅನ್ನುತ್ತಿದ್ದರು. ಅದು ಧನುರ್ವಾಯು. ಬಸುರಿಯರಿಗೆ ಟಿ.ಟಿ. ಇಂಜೆಕ್ಷನ್ ಕೊಟ್ಟು, ಹೊಸ ಬ್ಲೇಡು ಕೊಟ್ಟು, ಹೆರಿಗೆಗಳನ್ನು ಆಸ್ಪತ್ರೆಗೆ ತಂದು, 2015ರಲ್ಲಿ ನಮ್ಮ ದೇಶ ಹಸುಗೂಸುಗಳ ಧನುರ್ವಾಯುವನ್ನು ತೊಲಗಿಸಿದ ದೇಶಗಳ ಪಟ್ಟಿಗೆ ಸೇರಿತು. ನನ್ನ ಸರ್ವೀಸಿನಲ್ಲಿ ನನಗೆ ಅತಿ ಸಂತೋಷ ಕೊಟ್ಟ ಸುದ್ದಿ ಅದು.

ಕೊಳೆ ಬರೀ ಹಳ್ಳಿ ಮನೆಗಳಲ್ಲಿತ್ತು ಅಂದುಕೊಳ್ಳಬೇಡಿ. 1840ರ ದಶಕದಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡ್ ಇದ್ದವು. ಒಂದರಲ್ಲಿ ಡಾಕ್ಟರುಗಳು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರ ವಾರ್ಡಿನಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಎಷ್ಟೋ ಪಟ್ಟು ಜಾಸ್ತಿ. ಆ ವಾರ್ಡಿಗೆ ಹಾಕಬೇಡಿ ಅಂತ ಹೆಂಗಸರು ಕೈಮುಗಿದು ಬೇಡುತ್ತಿದ್ದರಂತೆ. ಸೆಮ್ಮೆಲ್‌ವೈಸ್ ಎಂಬ ಡಾಕ್ಟರು 1847ರಲ್ಲಿ ಕಾರಣ ಹಿಡಿದರು. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡಿಸುತ್ತಿದ್ದರು! ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿರಿ ಅಂದರು. ಸಾವು ಸರ್ರನೆ ಇಳಿಯಿತು. ಆದರೂ ದೊಡ್ಡ ದೊಡ್ಡ ಡಾಕ್ಟರುಗಳೇ ಬಹಳ ಕಾಲ ಒಪ್ಪಲಿಲ್ಲ. ಕೈ ತೊಳೆಯುವಾಗಲೆಲ್ಲ ನನಗೆ ಈ ಮನುಷ್ಯ ನೆನಪಾಗುತ್ತಿದ್ದರು.

ಈಗ ನಾನು ಮನೆಯಲ್ಲಿ ಬೇಡ ಅಂದಿದ್ದಕ್ಕೆ ಕಾರಣ. ಇದನ್ನು ಬರೆಯುವುದು ಕಷ್ಟ.

ತೊಂಬತ್ತರ ದಶಕ. ಆಗ ರಾಜ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. ಪಕ್ಕದ ಊರಿನ ಒಬ್ಬ ಹೆಂಗಸು, ಎರಡನೇ ಹೆರಿಗೆ. ಅಜ್ಜಿಯೇ ಮಾಡಿಸಿದ್ದು, ನಾನೂ ಜೊತೆಗಿದ್ದೆ. ಎಲ್ಲ ಸಲೀಸಾಗಿ ಆಯಿತು. ಹೆಣ್ಣುಮಗು. ಮಾಸೂ ಬಿತ್ತು. ಅವಳು ಮಗುವಿನ ಮುಖ ನೋಡಿ ನಕ್ಕಳು, ನೀರು ಕೇಳಿದಳು. ಆಮೇಲೆ ರಕ್ತ ನಿಲ್ಲಲೇ ಇಲ್ಲ. ಅಜ್ಜಿ ಹೊಟ್ಟೆ ನೀವಿದಳು, ಮಗುವನ್ನು ಎದೆಗೆ ಹಿಡಿಸಿದಳು. ಎರಡೂ ಸರಿಯಾದ ಕೆಲಸವೇ. ಸಾಲಲಿಲ್ಲ. ನನ್ನ ಹತ್ತಿರ ಇದ್ದ ಮಾತ್ರೆ ಕೊಟ್ಟೆ. ಟ್ರ್ಯಾಕ್ಟರಿಗೆ ಹುಲ್ಲು ಹಾಸಿ ಮಲಗಿಸಿಕೊಂಡು ಹೊರಟೆವು. ತಾಲ್ಲೂಕು ಆಸ್ಪತ್ರೆಗೆ ಇನ್ನೂ ಅರ್ಧ ದಾರಿ ಇತ್ತು. ನನ್ನ ತೊಡೆಯ ಮೇಲೆಯೇ ಹೋದಳು.

ಯಾಕೆ ಹೀಗಾಗುತ್ತದೆ ಅಂದರೆ, ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡರೆ ಮಾತ್ರ ಅವು ಮುಚ್ಚುತ್ತವೆ. ಮುದುಡದಿದ್ದರೆ ಸಮಯ ಬಹಳ ಕಡಿಮೆ. ಆಗ ಬೇಕಾಗುವುದು ಗರ್ಭಕೋಶವನ್ನು ಮುದುಡಿಸುವ ಆಕ್ಸಿಟೋಸಿನ್ ಇಂಜೆಕ್ಷನ್, ಡ್ರಿಪ್ಪು, ರಕ್ತ, ಕೆಲವೊಮ್ಮೆ ಆಪರೇಷನ್. ಯಾರಿಗೆ ಹೀಗಾಗುತ್ತದೆ ಅಂತ ಎಲ್ಲರಲ್ಲೂ ಮೊದಲೇ ಹೇಳಲು ಆಗುವುದಿಲ್ಲ. ಅವಳಿಗೆ ಮೊದಲ ಹೆರಿಗೆಯಲ್ಲಿ ಏನೂ ತೊಂದರೆ ಆಗಿರಲಿಲ್ಲ. ಅದೂ ಅಲ್ಲದೆ ನಮ್ಮ ಕಡೆ ಬಸುರಿಯರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತ ಕಡಿಮೆ. ಅಂಥವರ ಮೈ ಸ್ವಲ್ಪ ರಕ್ತ ಹೋದರೂ ತಡೆಯುವುದಿಲ್ಲ. ನಿಮ್ಮ ಹಿಮೋಗ್ಲೋಬಿನ್ ಎಷ್ಟಿದೆ ಅಂತ ತಾಯಿ ಕಾರ್ಡಿನಲ್ಲಿ ಇವತ್ತೇ ನೋಡಿ.

ನೀವು ನೋಡಿದ ವಿಡಿಯೊಗಳ ಬಗ್ಗೆಯೂ ಒಂದು ಮಾತು. ನೆದರ್‌ಲ್ಯಾಂಡ್ಸ್‌ನಂಥ ದೇಶದಲ್ಲಿ ಈಗಲೂ ಮನೆ ಹೆರಿಗೆ ಇದೆ, ನಿಜ. ಆದರೆ ಅಲ್ಲಿ ಮನೆಗೆ ಬರುವವಳು ಹಲವು ವರ್ಷ ಓದಿ ಲೈಸೆನ್ಸ್ ಪಡೆದ ಸೂಲಗಿತ್ತಿ. ಅವಳ ಚೀಲದಲ್ಲಿ ಆಕ್ಸಿಟೋಸಿನ್ ಇರುತ್ತದೆ. ಕರೆದರೆ ಬೇಗ ಆಂಬುಲೆನ್ಸ್ ಬರುತ್ತದೆ, ಹತ್ತಿರದಲ್ಲೇ ಆಸ್ಪತ್ರೆ ಇರುತ್ತದೆ. ತೊಂದರೆ ಆಗಬಹುದಾದ ಬಸುರಿಯರನ್ನು ಮೊದಲೇ ಬೇರೆ ಮಾಡಿ ಆಸ್ಪತ್ರೆಗೆ ಕಳಿಸಿರುತ್ತಾರೆ. ವಿಡಿಯೊದಲ್ಲಿ ಇದು ಯಾವುದೂ ಕಾಣುವುದಿಲ್ಲ ಅಲ್ವಾ? ನಿಮ್ಮ ತವರಿನಿಂದ ಆಪರೇಷನ್ ಮಾಡುವ ಆಸ್ಪತ್ರೆ ಎಷ್ಟು ದೂರ ಇದೆ, ಯೋಚಿಸಿ.

ಹಾಗಂತ ನಿಮ್ಮ ಭಯ ಸುಳ್ಳಲ್ಲ. ಈಗ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ತಾಯಂದಿರ ಸಾವು ಬಹಳ ಕಡಿಮೆಯಾಗಿದೆ. 2001ರಿಂದ 2003ರ ಲೆಕ್ಕದಲ್ಲಿ ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು, 2018ರಿಂದ 2020ರ ಲೆಕ್ಕದಲ್ಲಿ ಅದು 69. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ನೂರಕ್ಕೆ 31 ಹೆರಿಗೆ ಸಿಸೇರಿಯನ್, ಖಾಸಗಿಯಲ್ಲಿ ಅರ್ಧಕ್ಕಿಂತ ಜಾಸ್ತಿ. ಮಗು ಅಡ್ಡ ಇದ್ದರೆ, ಮಾಸು ದಾರಿಗೆ ಅಡ್ಡವಾಗಿ ಕೂತಿದ್ದರೆ, ಮಗುವಿನ ಎದೆಬಡಿತ ಇಳಿಯುತ್ತಿದ್ದರೆ ಸಿಸೇರಿಯನ್ ಜೀವ ಉಳಿಸುತ್ತದೆ. ಅಂಥ ಹೊತ್ತಲ್ಲಿ ದಯವಿಟ್ಟು ಬೇಡ ಅನ್ನಬೇಡಿ. ಆದರೆ ಅರ್ಧಕ್ಕಿಂತ ಜಾಸ್ತಿ ತಾಯಂದಿರಿಗೆ ಇಂಥ ತೊಂದರೆ ಇರುತ್ತದೆ ಅಂದರೆ ನಾನು ನಂಬುವುದಿಲ್ಲ.

ಲೇಬರ್ ರೂಮಿನಲ್ಲಿ ನಾವು ಮಾಡಿದ ತಪ್ಪುಗಳೂ ಇವೆ. ನೋವು ತಿನ್ನುವವಳನ್ನು ಗಂಟೆಗಟ್ಟಲೆ ಅಂಗಾತ ಮಲಗಿಸಿದೆವು. ಕೂದಲು ಬೋಳಿಸಿ, ಎನಿಮಾ ಕೊಟ್ಟು, ಒಂದು ತೊಟ್ಟು ನೀರೂ ಕೊಡದೆ ಇಟ್ಟೆವು. ಚೊಚ್ಚಲು ಅಂದರೆ ಮಗು ಬರುವ ದಾರಿಯ ಅಂಚನ್ನು ಕೊಯ್ದು ಹೊಲಿಗೆ ಹಾಕುವುದೇ ಪದ್ಧತಿಯಾಗಿತ್ತು. ಬೈದದ್ದೂ ಉಂಟು. ನಾನೂ ಬೈದಿದ್ದೇನೆ, ಅದಕ್ಕೆ ಇವತ್ತಿಗೂ ನೋವಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಆರೈಕೆ ಬಗ್ಗೆ 56 ಶಿಫಾರಸು ಕೊಟ್ಟಿತು. ಎಲ್ಲರಿಗೂ ಬೋಳಿಸುವುದು, ಎನಿಮಾ, ಎಲ್ಲರಿಗೂ ಕೊಯ್ಯುವುದು, ಹೊಟ್ಟೆ ಮೇಲೆ ಒತ್ತಿ ಮಗುವನ್ನು ತಳ್ಳುವುದು, ಇವೆಲ್ಲ ಬೇಡ ಅಂದಿದೆ. ತೊಂದರೆ ಇಲ್ಲದವಳಿಗೆ ಕುಡಿಯಲು ತಿನ್ನಲು ಕೊಡಿ, ನಡೆದಾಡಲು ಬಿಡಿ, ಬೇಕಾದ ಭಂಗಿಯಲ್ಲಿ ಹೆರಲು ಬಿಡಿ ಅಂದಿದೆ. ಓದುತ್ತಾ ಓದುತ್ತಾ ನನಗೆ ಅಜ್ಜಿಯ ದನಿಯೇ ಕೇಳಿದ ಹಾಗಾಯಿತು.

ರಕ್ತ ನಿಲ್ಲದೆ ಆ ಹೆಂಗಸು ಹೋದ ಮೇಲೆ ಅಜ್ಜಿ ಮನೆ ಹೆರಿಗೆ ಮಾಡಿಸಲಿಲ್ಲ. ಯಾರು ಕರೆದರೂ ಬಸ್ಸು ಹತ್ತಿಸಿ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಳು. ಒಂದು ಆಸ್ಪತ್ರೆಯಲ್ಲಿ ಅವಳನ್ನು ಲೇಬರ್ ರೂಮಿನ ಬಾಗಿಲಲ್ಲೇ ತಡೆದರು. ಒಳಗೆ ಹುಡುಗಿ ಒಬ್ಬಳೇ ಕೂಗಿಕೊಳ್ಳುತ್ತಿದ್ದಳು. ಹೊರಗೆ ಅಜ್ಜಿ ನೆಲದ ಮೇಲೆ ಕೂತು ಎರಡೂ ಕೈ ಉಜ್ಜಿಕೊಳ್ಳುತ್ತಿದ್ದಳು. ಯಾರ ಸೊಂಟ ಉಜ್ಜಬೇಕಾದ ಕೈಯೋ ಅದು. ನಾನು ನರ್ಸ್ ಆಗಿದ್ದೂ ಒಳಗೆ ಬಿಡಿಸಲು ಆಗಲಿಲ್ಲ.

ಈಗ ಹಾಗಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಿಗೆ ಜೊತೆಗೆ ಒಬ್ಬರು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಹೆತ್ತು ಅನುಭವ ಇರುವ ಹೆಂಗಸಾದರೆ ಒಳ್ಳೆಯದು. ಇದು ಬರೀ ಸಮಾಧಾನದ ಮಾತಲ್ಲ. ಉದ್ದಕ್ಕೂ ಒಬ್ಬರು ಜೊತೆಗಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ, ನಾರ್ಮಲ್ ಹೆರಿಗೆ ಜಾಸ್ತಿಯಾಗುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಭಯ ಆದರೆ ಮೈ ಬಿಗಿಯುತ್ತದೆ, ಬಿಗಿದರೆ ನೋವು ಜಾಸ್ತಿ. ಗ್ರ್ಯಾಂಟ್ಲಿ ಡಿಕ್ ರೀಡ್ ಎಂಬ ಇಂಗ್ಲಿಷ್ ಡಾಕ್ಟರು 1930ರ ದಶಕದಲ್ಲಿ ನೈಸರ್ಗಿಕ ಹೆರಿಗೆ ಅನ್ನುವ ಮಾತನ್ನು ಜನಕ್ಕೆ ತಲುಪಿಸಿದ್ದೇ ಈ ವಿಚಾರ ಇಟ್ಟುಕೊಂಡು. ನರ್ಸ್‌ಗಳಿಗೆ ಹದಿನೆಂಟು ತಿಂಗಳ ತರಬೇತಿ ಕೊಟ್ಟು ಪೂರ್ಣ ಪ್ರಮಾಣದ ಮಿಡ್‌ವೈಫ್ ಮಾಡುವ ಯೋಜನೆಯನ್ನೂ ಕೇಂದ್ರ 2018ರಲ್ಲಿ ತಂದಿದೆ. ನಿಮ್ಮ ಹತ್ತಿರದ ದೊಡ್ಡಾಸ್ಪತ್ರೆಯಲ್ಲಿ ಅಂಥವರು ಇದ್ದಾರಾ ವಿಚಾರಿಸಿ.

ಮುಂದಿನ ಚೆಕಪ್‌ಗೆ ಹೋದಾಗ ಕೆಲವು ಪ್ರಶ್ನೆ ಕೇಳಿ. ಜೊತೆಗೆ ಒಬ್ಬರನ್ನು ಬಿಡುತ್ತೀರಾ? ಓಡಾಡಬಹುದಾ? ಒರಗಿ ಕೂತು ಹೆರಬಹುದಾ? ಎಲ್ಲ ಚೊಚ್ಚಲಿಗೂ ಕೊಯ್ಯುತ್ತೀರಾ? ರಕ್ತದ ವ್ಯವಸ್ಥೆ ಇಲ್ಲೇ ಇದೆಯಾ? ಸಿಟ್ಟು ಮಾಡಿಕೊಳ್ಳದೆ ಉತ್ತರ ಕೊಡುವ ಕಡೆ ಹೆರಿಗೆ ಇಟ್ಟುಕೊಳ್ಳಿ. ಎಲ್ಲ ಸರಿಯಿದ್ದು ಸಣ್ಣ ನೋವು ಶುರುವಾದರೆ ಗಾಬರಿ ಬೇಡ, ಚೊಚ್ಚಲಿಗೆ ಸಮಯ ಹಿಡಿಯುತ್ತದೆ. ಆದರೆ ನೀರು ಒಡೆದರೆ, ರಕ್ತ ಕಂಡರೆ, ವಿಪರೀತ ತಲೆನೋವು ಬಂದು ಕಣ್ಣು ಮಂಜಾದರೆ, ಮಗು ಆಡುವುದು ಕಡಿಮೆಯಾದರೆ ಒಂದು ಗಳಿಗೆಯೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಜೊತೆಗೆ ಯಾರು ಇರುತ್ತಾರೆ ಅಂತ ಕೇಳಿದರೆ, ನಿಮ್ಮ ಅಜ್ಜಿ ಗಟ್ಟಿಮುಟ್ಟಾಗಿದ್ದರೆ ಅವರ ಹೆಸರನ್ನೇ ಹೇಳಿ.