ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 2003ರ ‘ಡೆಡ್ ಎಂಡ್’ ಅನ್ನೋ ಇಂಗ್ಲಿಷ್ ಹಾರರ್ ಸಿನಿಮಾ ನೋಡಿದೆ. ಒಂದು ಕಾರು, ಐದು ಮಂದಿ, ಖಾಲಿ ರಸ್ತಾ. ಅಷ್ಟರಾಗ ಬೆವರು ಇಳೀತು. ರೊಕ್ಕ ಇಲ್ಲದ ಹೆಂಗ ಹೆದರಸ್ತಾರ್ರೀ?
ಓದುಗರು, ಗದಗ

ಉತ್ತರ: ರೊಕ್ಕ ಇಲ್ಲದ್ದಕ್ಕ ಹೆದರಸ್ತಾರ ನೋಡ್ರಿ! ರಾತ್ರಿ ಅಂದ್ರ ಸೆಟ್ ಬ್ಯಾಡ. ಹೆಡ್‌ಲೈಟ್ ಮುಟ್ಟಿದಷ್ಟು ಜಗತ್ತು. ಅದರಾಚೆ ಇರೋದನ್ನ ನೀವ ಕಟ್ಟಿಕೋತೀರಿ, ಪುಕ್ಕಟೆ. ಅದ ರಸ್ತಾ ಮತ್ತ ಮತ್ತ ತೋರಿಸಿದ್ರ ಬೇರೆ ಸಿನಿಮಾದಾಗ ಜಿಪುಣತನ ಅಂತೀವಿ. ಇಲ್ಲಿ ಅದ ಕಥಿ: ಮಾರ್ಕಾಟ್ ಅನ್ನೋ ಊರಿನ ಬೋರ್ಡು ಬರತೈತಿ, ಊರು ಬರಂಗಿಲ್ಲ. ಹೆಣದ ಮ್ಯಾಲೆ ಕ್ಯಾಮೆರಾ ಹೆಚ್ಚು ನಿಲ್ಲಂಗಿಲ್ಲ, ನೋಡಿದವರ ಮುಖದ ಮ್ಯಾಲೆ ನಿಲ್ಲತೈತಿ. ಅದಕ್ಕ ರೇ ವೈಸ್, ಲಿನ್ ಶೇ ಅಂಥ ಪಳಗಿದ ನಟರು ಬೇಕು.

ಆದರ ನನಗ ಖರೇ ಅಂಜಿಕಿ ಬಂದದ್ದು ಚಿತ್ರದಾಗ ರಸ್ತಾದಾಗ ಕಾಣೋ ಬಿಳಿ ಬಟ್ಟಿ ಹೆಂಗಸಿಗಲ್ಲ, ಕಾರಿನಾಗಿನ ಜಗಳಕ್ಕ. ಕ್ರಿಸ್‌ಮಸ್ ಹಿಂದಿನ ರಾತ್ರಿ ಅತ್ತಿ ಮನಿಗೆ ಹೊಂಟ ಅಪ್ಪ ಒಳದಾರಿ ಹಿಡೀತಾನ, ತಪ್ಪೇತಿ ಅಂತ ಒಪ್ಪಂಗಿಲ್ಲ. ನಮ್ಮಪ್ಪನೂ ಹಿಂಗ. ಹುಬ್ಬಳ್ಳಿಯಿಂದ ಗೋಕರ್ಣಕ್ಕ ಹೊಂಟಾಗ ಯಲ್ಲಾಪುರ ದಾಟಿ ಎಲ್ಲೋ ತಿರುಗಿಸಿಬಿಟ್ಟ. ಅಡವಿ, ಕತ್ತಲಿ, ಫೋನಿಗೆ ಸಿಗ್ನಲ್ ಇಲ್ಲ. ಅವ್ವ ಗಿರಮಿಟ್ ಪೊಟ್ಣ ಮಡಿಲಾಗಿಟ್ಕೊಂಡು ಅರ್ಧ ತಾಸು ಪಿಟ್ಟ್ ಅನ್ನಲಿಲ್ಲ. ಆ ಮೌನದ ಮುಂದ ಯಾವ ದೆವ್ವರೀ!

ಇನ್ನೊಮ್ಮೆ ನೋಡ್ತೀರೇನು? ಚಿತ್ರ ಒಂದೂವರಿ ತಾಸೂ ಇಲ್ಲ. ಲೈಟ್ ಆರಿಸಿ, ಇಯರ್‌ಫೋನ್ ಹಾಕ್ಕೊಂಡು ನೋಡ್ರಿ. ಘಾಟ್ ಪ್ರಯಾಣದ ಹಿಂದಿನ ದಿನ ಮಾತ್ರ ಬ್ಯಾಡ.